ಗಾಳ ಹಾಕುವ ಹುಡುಗರಿಗೆ ಹೊಳೆಯ ಮೇಲೆ ಕಾಳಜಿ ಬರುವಂತೆ ಮಾಡುವುದು ಹೇಗೆ?

ಭಾನುವಾರ ನಿಮ್ಮೂರ ಹೊಳೆಗೆ ಬರುವ ಹುಡುಗರು ಮರಿಮೀನನ್ನೂ ಬಿಡುವುದಿಲ್ಲ, ಹೇಳಿದರೆ ಕೇಳುವುದಿಲ್ಲ ಎಂದು ಬರೆದಿದ್ದೀರಿ. ಕುಶಾಲನಗರದ ಕಡೆ ಕಾವೇರಿಯಲ್ಲಿ ಇಪ್ಪತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ಬೋರ್ಡು ನೆಟ್ಟು, ಭಾಷಣ ಮಾಡಿ ಯಾರೂ ಬದಲಾದದ್ದನ್ನು ಕಂಡಿಲ್ಲ. ಅವರ ಕೈಗೊಂದು ನೋಟ್‌ಬುಕ್ ಕೊಡಿ. ಯಾವ ಮೀನು, ಎಷ್ಟು ಉದ್ದ, ಯಾವ ಗುಂಡಿಯಲ್ಲಿ ಸಿಕ್ಕಿತು, ಎಷ್ಟು ಹೊತ್ತು ಕೂತಿದ್ದರು, ಎಲ್ಲ ಬರೆಯಲಿ. ಏನೂ ಸಿಗದ ದಿನವನ್ನೂ ಬರೆಯಲೇಬೇಕು.

ಬರೆದು ಏನಾಗುತ್ತದೆ ಅನ್ನಬೇಡಿ. ಕಾವೇರಿ ದಡದ ಗಾಲಿಬೋರೆಯಲ್ಲಿ ಮಹಸೀರ್ ಎಂಬ ದೊಡ್ಡ ಹೊಳೆಮೀನು ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದ ಹವ್ಯಾಸಿಗಳು 1998ರಿಂದ 2012ರವರೆಗೆ ಹೀಗೇ ಲೆಕ್ಕ ಇಟ್ಟಿದ್ದರು, 6 ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ವಿಜ್ಞಾನಿಗಳು ಅದನ್ನು ಕೂಡಿಸಿ ನೋಡಿದರೆ, ಗಾಳಕ್ಕೆ ಸಿಗುವ ಮೀನು ವರ್ಷ ಕಳೆದಂತೆ ಹೆಚ್ಚುತ್ತ ಬಂದಿತ್ತು. ಆದರೆ ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕಾಣೆಯಾಗುತ್ತ ಬಂದಿತ್ತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಸೀರ್. ನದಿಗೆ ಒಳ್ಳೆಯದಾಗಲಿ ಎಂದೇ ಬಿಟ್ಟಿದ್ದರು, ಅದೇ ಸಂಕಟ. 2018ರಲ್ಲಿ ಗೂನುಬೆನ್ನಿನದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಆ ಲೆಕ್ಕ ಇಲ್ಲದಿದ್ದರೆ ಹೊಳೆ ತುಂಬ ಮೀನಿದೆ ಎಂದುಕೊಂಡೇ ಇರುತ್ತಿದ್ದೆವು. ಹಾಗಾಗಿ, ಎಲ್ಲಿಂದಲೋ ಮರಿ ತಂದು ಬಿಡೋಣ ಅಂತ ಯಾರಾದರೂ ಹುಮ್ಮಸ್ಸಿನಿಂದ ಹೊರಟರೆ ದಯವಿಟ್ಟು ತಡೆಯಿರಿ.

ಮೀನು ಬಿಡುವುದನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಕೊಳ್ಳಿ, ಸಲೀಸಾಗಿ ಕಳಚುತ್ತದೆ. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಕೈ ಒದ್ದೆ ಇರಲಿ. ತಲೆ ಹರಿವಿನ ಎದುರಿಗೆ ಇರುವಂತೆ ನೀರೊಳಗೇ ಹಿಡಿದುಕೊಂಡರೆ ಮೊದಲು ಕಿವಿರು ಮೆಲ್ಲಗೆ ಆಡುತ್ತದೆ, ಆಮೇಲೆ ಬಾಲ ಮಣಿಕಟ್ಟಿಗೆ ಬಡಿದು ಹೊರಟೇಹೋಗುತ್ತದೆ. ಒಮ್ಮೆ ಆ ಬಡಿತ ಕೈಗೆ ತಾಗಿದ ಹುಡುಗ ತಾನಾಗಿಯೇ ಎರಡನೆಯದನ್ನೂ ಬಿಡುತ್ತಾನೆ.

ಮುಂಗಾರಿನಲ್ಲಿ ಹತ್ತುಮೀನು, ಅಂದರೆ ಮೊಟ್ಟೆಯಿಡಲು ಹೊರಟ ಮೀನು, ಹರಿವಿನ ಎದುರು ಏರುವಾಗ ಗಾಳ ಮನೆಯಲ್ಲೇ ಇರಲಿ, ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಅಭಯಾರಣ್ಯದೊಳಗೆ ಹೋಗಲೇಬೇಡಿ. ತುಂಡಾದ ನೈಲಾನ್ ದಾರ ಜೇಬಿಗೆ ಹಾಕಿಕೊಳ್ಳಲಿ. ಕಾಲಿಗೆ ದಾರ ಸುತ್ತಿಕೊಂಡು ಒದ್ದಾಡುತ್ತಿದ್ದ ನೀರುಕಾಗೆಯನ್ನು ನಾವೇ ಬಿಡಿಸಿದ್ದೇವೆ.

ಇನ್ನೊಂದು ಮಾತು. ತೋಟೆ ಸಿಡಿಸುವವರು, ನೀರಿಗೆ ವಿಷ ಹಾಕುವವರು ಮೊದಲು ಕಣ್ಣಿಗೆ ಬೀಳುವುದು ದಡದಲ್ಲಿ ಕೂತ ಇದೇ ಹುಡುಗರಿಗೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅರಣ್ಯ ಇಲಾಖೆ, ಪೊಲೀಸ್ ಠಾಣೆಯ ನಂಬರ್ ಬರೆದುಕೊಡಿ.