ಗ್ಯಾಸ್ ಒಲೆಗೆ, ಬಗ್ಗಡ ಹೊಲಕ್ಕೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಹೊಲದಲ್ಲಿ ಬೆಳೆದದ್ದರಿಂದಲೇ ಒಲೆ, ಪಂಪು, ದೀಪ ಎಲ್ಲ ನಡೆಸಬಹುದಾ ಅಂತ. ಅದರಲ್ಲಿ ಐದನ್ನು ಆರಿಸಿದ್ದೇನೆ.

ಪ್ರಶ್ನೆ: ನನಗಿರೋದು ಎರಡು ಎಕರೆ. ಅರ್ಧದಲ್ಲಿ ಜತ್ರೋಫಾ ಹಾಕಿದರೆ ನೀರು, ಗೊಬ್ಬರ ಏನೂ ಬೇಡ, ವರ್ಷ ವರ್ಷ ಎಣ್ಣೆ ಸಿಗುತ್ತದೆ ಅಂತ ಪರಿಚಯದವರು ಹೇಳುತ್ತಿದ್ದಾರೆ. ಹಾಕಲಾ?

ಬೇಡ. ಇದೇ ಮಾತು ನಂಬಿ 2000ದ ದಶಕದಲ್ಲಿ ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಜತ್ರೋಫಾ ನೆಟ್ಟರು, ಬಹಳ ಕಡೆ ಕೈ ಸುಟ್ಟುಕೊಂಡರು. ಅದು ಬರಡು ನೆಲದಲ್ಲೂ ಬದುಕುತ್ತದೆ, ಸುಳ್ಳಲ್ಲ. ಆದರೆ ಬದುಕೋದು ಬೇರೆ, ಕಾಯಿ ಬಿಡೋದು ಬೇರೆ. ಕೈತುಂಬ ಬೀಜ ಬೇಕಂದರೆ ಅದೂ ಬೇರೆ ಬೆಳೆಗಳ ಹಾಗೆ ನೀರು, ಗೊಬ್ಬರ ಕೇಳುತ್ತದೆ. ಹಿಂಡಿ ವಿಷ, ದನಕ್ಕೆ ಹಾಕೋ ಹಾಗಿಲ್ಲ. ಎಲೆಗೆ ಆಡು ಬಾಯಿ ಹಾಕಲ್ಲ ಅನ್ನೋದೊಂದೇ ಲಾಭ, ಹಾಗಾಗಿ ಬೇಲಿಗೆ ಚೆನ್ನಾಗಿದೆ. ಬೇಲಿಗೆ ಹಾಕಿ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ಯಾರೂ ಹೇಳಲ್ಲ. ಬಿದ್ದ ಬಿಸಿಲಲ್ಲಿ ನೂರಕ್ಕೆ ಒಂದು ಪಾಲನ್ನು ಕೂಡ ಹೆಚ್ಚಿನ ಬೆಳೆಗಳು ಕಾಂಡ, ಎಲೆ, ಕಾಳಾಗಿ ಹಿಡಿದಿಡಲ್ಲ. ಈಗಿನ ಸೋಲಾರ್ ಪ್ಯಾನೆಲ್ ಸುಮಾರು 20 ಪಾಲನ್ನು ಕರೆಂಟ್ ಮಾಡುತ್ತದೆ. ದೀಪಕ್ಕೆ, ಪಂಪಿಗೆ ಶಕ್ತಿ ಬೇಕಂದರೆ ಪ್ಯಾನೆಲ್ ಸಾಕು, ಅದೂ ಸೂರಿನ ಮೇಲೆ. ಊಟ ಬೆಳೆಯೋ ಮಣ್ಣನ್ನು ಇಂಧನಕ್ಕೆ ಕೊಡಬೇಡಿ.

ಪ್ರಶ್ನೆ: ಕೊಯ್ಲು ಮುಗಿದ ಮೇಲೆ ಉಳಿದ ಹುಲ್ಲನ್ನು ಇಂಧನದ ಉಂಡೆ ಮಾಡುವವರು ಬಂದು ಒಯ್ಯುತ್ತಾರೆ. ಮೂರ್ನಾಲ್ಕು ವರ್ಷದಿಂದ ಕೊಡುತ್ತಿದ್ದೇನೆ. ಈಗೀಗ ಮಣ್ಣು ಗಟ್ಟಿಯಾಗುತ್ತಿದೆ ಅನ್ನಿಸುತ್ತಿದೆ. ಸಂಬಂಧ ಇದೆಯಾ?

ಇದೆ. ನೀವು ಹುಲ್ಲು ಮಾತ್ರ ಮಾರುತ್ತಿಲ್ಲ. ಒಂದು ಟನ್ ಭತ್ತದ ಹುಲ್ಲಿನ ಜೊತೆ 5ರಿಂದ 8 ಕೆ.ಜಿ. ಸಾರಜನಕ, 12ರಿಂದ 17 ಕೆ.ಜಿ. ಪೊಟ್ಯಾಸಿಯಂ ಗಾಡಿ ಹತ್ತುತ್ತದೆ. ಮಣ್ಣಿಗೆ ಸೇರಬೇಕಿದ್ದ ಇಂಗಾಲ ಇನ್ನೊಂದು ಕಡೆ. ಎರೆಹುಳಕ್ಕೆ ಊಟ ಇಲ್ಲ, ಮಳೆ ಹನಿ ನೇರ ಮಣ್ಣಿಗೆ ಬಡಿಯುತ್ತದೆ, ಮೇಲ್ಪದರ ಹಪ್ಪಳದ ಹಾಗೆ ಕಟ್ಟುತ್ತದೆ. ಹಾಗಂತ ಹೊಲದಲ್ಲೇ ಬೆಂಕಿ ಇಡೋದು ಇನ್ನೂ ಕೆಟ್ಟದ್ದು. ಬೂದಿಯಲ್ಲಿ ಪೊಟ್ಯಾಸಿಯಂ ಉಳಿಯುತ್ತದೆ, ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ.

ನಾನು ಇಟ್ಟುಕೊಂಡಿರೋ ಸಾಲು ಇದು: ಮೊದಲು ನಾವು, ಆಮೇಲೆ ದನ, ಆಮೇಲೆ ಮಣ್ಣು, ಉಳಿದರೆ ಬೆಂಕಿಗೆ. ದನ ಮುಟ್ಟದ, ಬೇಗ ಕೊಳೆಯದ ವಸ್ತು ಎಷ್ಟೋ ಇದೆ. ಭತ್ತದ ಹೊಟ್ಟನ್ನೇ ನೋಡಿ. ಭತ್ತದ ತೂಕದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಅದು. ಅದರಲ್ಲಿ ಸಿಲಿಕಾ ಜಾಸ್ತಿ, ಗೊಬ್ಬರದ ಸತ್ವ ಕಡಿಮೆ. ಅದನ್ನು ಧಾರಾಳವಾಗಿ ಸುಡಿ, ಯಾರಿಗೂ ನಷ್ಟ ಇಲ್ಲ. ಹುಲ್ಲು ಮಾರಲೇಬೇಕು ಅಂತಿದ್ದರೆ ಒಂದು ವರ್ಷ ಮಾರಿ, ಒಂದು ವರ್ಷ ಬಿಡಿ. ಇಳಿಜಾರಿನ ನೆಲವಾದರೆ ಅದೂ ಬೇಡ.

ಪ್ರಶ್ನೆ: ನಮ್ಮಲ್ಲಿ ಒಂದೇ ಹಸು. ಸಗಣಿ ಸಾಲದು ಅಂತ ಬಯೋಗ್ಯಾಸ್ ತೊಟ್ಟಿಗೆ ಕೊಳೆತ ಹಣ್ಣು, ಮಿಕ್ಕಿದ ಅನ್ನ, ಎಲೆ ಎಲ್ಲ ಹಾಕಿದೆ. ಎರಡು ವಾರ ಭರ್ಜರಿ ಗ್ಯಾಸ್ ಬಂತು. ಈಗ ಗ್ಯಾಸ್ ಇದೆ, ಕಡ್ಡಿ ಗೀರಿದರೆ ಹತ್ತಲ್ಲ. ತೊಟ್ಟಿ ಹಾಳಾಯಿತಾ?

ಹಾಳಾಗಿಲ್ಲ, ಅದಕ್ಕೆ ಅಜೀರ್ಣ ಆಗಿದೆ. ತೊಟ್ಟಿಯೊಳಗೆ ಎರಡು ಪಾಳಿಯ ಕೆಲಸ ನಡೆಯುತ್ತದೆ. ಮೊದಲ ಪಾಳಿಯ ಸೂಕ್ಷ್ಮಜೀವಿಗಳು ಹಾಕಿದ್ದನ್ನೆಲ್ಲ ಹುಳಿ ಮಾಡುತ್ತವೆ, ಎರಡನೇ ಪಾಳಿಯವು ಆ ಹುಳಿಯನ್ನು ತಿಂದು ಮೀಥೇನ್, ಅಂದರೆ ಒಲೆಯಲ್ಲಿ ಉರಿಯೋ ಗ್ಯಾಸ್, ಬಿಡುತ್ತವೆ. ಮೊದಲನೆಯವು ಚುರುಕು, ಎರಡನೆಯವು ನಿಧಾನ, ಜೊತೆಗೆ ಸ್ವಲ್ಪ ನಾಜೂಕು. ಅನ್ನ, ಹಣ್ಣು ಒಟ್ಟಿಗೆ ಸುರಿದಾಗ ಹುಳಿ ಏರಿ ಎರಡನೆಯವು ಕೆಲಸ ನಿಲ್ಲಿಸಿವೆ. ಈಗ ಬರುತ್ತಿರೋ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ, ಅದು ಎಲ್ಲಿ ಹತ್ತಬೇಕು?

ಏಳೆಂಟು ದಿನ ಏನೂ ಹಾಕಬೇಡಿ. ಆಮೇಲೆ ತಾಜಾ ಸಗಣಿಯನ್ನು ಅಷ್ಟೇ ನೀರಲ್ಲಿ ಕಲಸಿ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಿ. ನಡೆಯೋ ತೊಟ್ಟಿ ಹತ್ತಿರದಲ್ಲಿದ್ದರೆ ಗ್ಯಾಸ್ ಬಿಟ್ಟ ಮೇಲೆ ಅಲ್ಲಿಂದ ಹೊರಬರೋ ಬಗ್ಗಡ ಒಂದೆರಡು ಬಕೆಟ್ ತಂದು ಸುರಿಯಿರಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮತ್ತೆ ನೀಲಿ ಉರಿ ಬಂದ ಮೇಲೆ ಹಣ್ಣು, ಅನ್ನ ಶುರು ಮಾಡಿ, ವಾರಕ್ಕಿಷ್ಟು ಅಂತ ಏರಿಸುತ್ತಾ ಹೋಗಿ. ಇವು ಸಗಣಿಗಿಂತ ಜಾಸ್ತಿ ಗ್ಯಾಸ್ ಕೊಡೋದು ಯಾಕೆ ಗೊತ್ತಾ? ಸಗಣಿ ಅಂದರೆ ಹಸು ತನ್ನ ಪಾಲು ತಿಂದು ಬಿಟ್ಟದ್ದು! ಎಲೆಯನ್ನು ಮಾತ್ರ ಸಣ್ಣಗೆ ಕೊಚ್ಚಿ ಹಾಕಿ, ಇಲ್ಲದಿದ್ದರೆ ತೇಲಿ ಮೇಲೆ ಕೆನೆ ಕಟ್ಟುತ್ತದೆ. ಕಡ್ಡಿ, ಗಟ್ಟಿ ಕಾಂಡ ಬೇಡವೇ ಬೇಡ, ಅವು ಒಳಗೆ ಕರಗಲ್ಲ.

ನಿರೀಕ್ಷೆಯೂ ಅಳತೆಯಲ್ಲಿರಲಿ. ಒಂದು ಕೆ.ಜಿ. ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಹಸು ದಿನಕ್ಕೆ 10 ಕೆ.ಜಿ. ಹಾಕಿದರೆ 400 ಲೀಟರ್. ಒಬ್ಬರ ಅಡುಗೆಗೆ ದಿನಕ್ಕೆ 200ರಿಂದ 300 ಲೀಟರ್ ಬೇಕು. ಚಳಿ ಹೆಚ್ಚಾದರೆ ಇದೂ ಇಳಿಯುತ್ತದೆ, ತೊಟ್ಟಿಗೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಇಷ್ಟ.

ನನಗೆ ಬಯೋಗ್ಯಾಸ್ ಮೇಲೆ ಪ್ರೀತಿ ಬರೋಕೆ ಕಾರಣ ಒಲೆ ಅಲ್ಲ. ಮೀಥೇನ್ ಅಂದರೆ ಇಂಗಾಲ ಮತ್ತು ಜಲಜನಕ, ಅಷ್ಟೇ. ಇಂಗಾಲವನ್ನು ಗಿಡ ಗಾಳಿಯಿಂದ ತಗೊಂಡಿತ್ತು, ಜಲಜನಕವನ್ನು ನೀರಿನಿಂದ. ಅಂದರೆ ನೀವು ಒಲೆಯಲ್ಲಿ ಉರಿಸೋದರಲ್ಲಿ ಮಣ್ಣಿನಿಂದ ಬಂದದ್ದು ಹೆಚ್ಚುಕಮ್ಮಿ ಏನೂ ಇಲ್ಲ, ಸಾರಜನಕ, ರಂಜಕ, ಪೊಟ್ಯಾಸಿಯಂ ಎಲ್ಲ ಬಗ್ಗಡದಲ್ಲೇ ಉಳಿದಿರುತ್ತದೆ. ಅದೇ ಸಗಣಿಯನ್ನು ಒಣಗಿಸಿ ಸುಟ್ಟರೆ ಸಾರಜನಕ ಹೋಯಿತು. ಆದರೆ ಬಗ್ಗಡವನ್ನು ಬಿಸಿಲಲ್ಲಿ ತೆರೆದಿಟ್ಟರೂ ಅದರ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಸಂಜೆ ಹೊತ್ತು ಹೊಲಕ್ಕೆ ಹಾಕಿ ಮಣ್ಣು ಮುಚ್ಚಿ.

ಪ್ರಶ್ನೆ: ಡೀಸೆಲ್ ಎಂಜಿನ್ ಶುರುವಲ್ಲಿ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತಂತೆ. ಹಾಗಾದರೆ ನಮ್ಮ ಗಾಣದ ಎಣ್ಣೆಯನ್ನು ನೇರ ಪಂಪ್‌ಸೆಟ್‌ಗೆ ಹಾಕಬಹುದಲ್ವಾ?

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ನಿಮ್ಮದೂ ಓಡುತ್ತದೆ, ಸ್ವಲ್ಪ ದಿನ. ಗಿಡದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಸರಿಯಾಗಿ ಸಿಂಪಡಣೆ ಆಗಲ್ಲ, ಇಂಜೆಕ್ಟರ್ ಬಾಯಲ್ಲಿ ಮಸಿ ಕಟ್ಟುತ್ತದೆ, ಎಂಜಿನ್ ಆಯಿಲ್ ಕೂಡ ಕೆಡುತ್ತದೆ. ಅದಕ್ಕೇ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿ ಬಯೋಡೀಸೆಲ್ ಮಾಡೋದು. ಮೆಥನಾಲ್ ವಿಷ, ಕಣ್ಣು ಕಳೆಯುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಮನೆಯಲ್ಲಿ ಮಾಡೋ ಕೆಲಸ ಅಲ್ಲ.

ಆದರೆ ಗಾಣ ಇಟ್ಟುಕೊಂಡಿದ್ದೀರಲ್ಲ, ಅದು ಜಾಣತನ. ಎಣ್ಣೆಯೂ ಮೀಥೇನ್ ಹಾಗೇ ಗಾಳಿ, ನೀರಿನ ಮಾಲು. ಮಣ್ಣಿನಿಂದ ಬಂದ ಸತ್ವ ಉಳಿಯೋದು ಹಿಂಡಿಯಲ್ಲಿ. ಬೀಜ ಮಾರಿದರೆ ಹೊಲದ ಸತ್ವವೂ ಹೋಗುತ್ತದೆ. ಎಣ್ಣೆ ಮಾರಿ, ಹಿಂಡಿ ಮಾರಬೇಡಿ.

ಪ್ರಶ್ನೆ: ಬದುವಿನ ಗಿಡ ಸವರಿದ ಸೌದೆಯಲ್ಲೇ ನಮ್ಮ ಅಡುಗೆ. ಹೊಗೆ ತಡೆಯೋಕಾಗಲ್ಲ. ಹೊಸ ಒಲೆ ತಗೊಳ್ಳಬೇಕಾ?

ಮೊದಲು ಸೌದೆ ನೋಡಿ. ಆಗತಾನೆ ಕಡಿದ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿ ಮೊದಲು ಆ ನೀರನ್ನು ಆವಿ ಮಾಡಬೇಕು, ಉಳಿದದ್ದು ಪಾತ್ರೆಗೆ. ಸೀಳಿ, ನೆಲಕ್ಕೆ ತಾಗದ ಹಾಗೆ, ಗಾಳಿ ಆಡೋ ಸೂರಿನ ಕೆಳಗೆ ಆರು ತಿಂಗಳು ಒಟ್ಟಿ. ಈ ವರ್ಷ ಕಡಿದದ್ದನ್ನು ಮುಂದಿನ ವರ್ಷ ಸುಡಿ. ಆಮೇಲೂ ಹೊಗೆ ಬಂದರೆ ಒಲೆ ಬದಲಿಸಿ.