ಬೆವರು ನಿಂತಿದೆ, ಶುಗರ್ ಇಳಿಯುವುದು ನಿಂತಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 66 ವರ್ಷ. 22 ವರ್ಷಗಳಿಂದ ಸಕ್ಕರೆ ಕಾಯಿಲೆ, 11 ವರ್ಷಗಳಿಂದ ಇನ್ಸುಲಿನ್. ಮೊದಲೆಲ್ಲ ಶುಗರ್ ಇಳಿದರೆ ಕೈ ನಡುಗಿ, ಅಂಗಿ ಒದ್ದೆಯಾಗುವಷ್ಟು ಬೆವರುತ್ತಿದ್ದರು. ತಾವೇ ಬಂದು ಸಕ್ಕರೆ ಡಬ್ಬಿ ತೆಗೆಯುತ್ತಿದ್ದರು. ಕಳೆದ ಏಕಾದಶಿಯಂದು ಉಪವಾಸವಿದ್ದರೂ ಇನ್ಸುಲಿನ್ ಚುಚ್ಚಿಕೊಂಡರು. ಮಧ್ಯಾಹ್ನ ಹಾಲಿನ ಲೆಕ್ಕವನ್ನು ಮೂರು ಸಲ ಕೂಡಿದರು, ಮೂರು ಸಲವೂ ತಪ್ಪು. ಕೇಳಿದರೆ ರೇಗಿದರು. ಮೀಟರಿನಲ್ಲಿ 46! ಆಗಲೂ ‘ನನಗೇನಾಗಿದೆ?’ ಎನ್ನುತ್ತಿದ್ದರು. ಅವರಿಗೇಕೆ ಗೊತ್ತಾಗಲಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರು ಸುಳ್ಳು ಹೇಳುತ್ತಿರಲಿಲ್ಲ ತಾಯಿ. ಸಾಮಾನ್ಯವಾಗಿ ಶುಗರ್ 70ಕ್ಕಿಂತ ಕೆಳಗಿಳಿಯುತ್ತಿದ್ದಂತೆ ಅಡ್ರಿನಲಿನ್ ಎಂಬ ಹಾರ್ಮೋನು ಹೊರಟು ನಡುಕ, ಬೆವರು, ಎದೆಬಡಿತ ತರುತ್ತದೆ. ಸುಮಾರು 54ರ ಕೆಳಗೆ ಮಿದುಳಿಗೇ ಸಕ್ಕರೆ ಸಾಲದೆ ಲೆಕ್ಕ ತಪ್ಪುತ್ತದೆ, ಮಾತು ತಡವರಿಸುತ್ತದೆ. ನಿಮ್ಮವರಲ್ಲಿ ಮೊದಲನೆಯದು ಬಾರದೆ ನೇರವಾಗಿ ಎರಡನೆಯದೇ ಬಂದಿದೆ. ಮಂಕಾದ ಮಿದುಳು ತಾನು ಮಂಕಾಗಿದ್ದೇನೆಂದು ಹೇಗೆ ಹೇಳೀತು?

ಪತ್ರದ ಹಿಂಬದಿಯಲ್ಲಿ ‘ಎಚ್‌ಬಿಎ1ಸಿ 5.9, ಎಲ್ಲರಿಗೂ ತೋರಿಸುತ್ತಾರೆ’ ಎಂದು ಬರೆದಿದ್ದೀರಿ. ಅದು ಕಳೆದ ಎರಡು-ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ. ಈ ಅಂಕಪಟ್ಟಿ ನನಗೆ ಹಿಡಿಸಲಿಲ್ಲ. ಈ ವಯಸ್ಸಿನಲ್ಲಿ, ಇನ್ಸುಲಿನ್ ಮೇಲಿರುವವರ ಸರಾಸರಿ ಅಷ್ಟು ಕಡಿಮೆಯಿದ್ದರೆ ಶುಗರ್ ಪದೇ ಪದೇ ಇಳಿಯುತ್ತಿದೆಯೆಂಬ ಅನುಮಾನ ಮೊದಲು ಬರುತ್ತದೆ. ಪದೇ ಪದೇ ಇಳಿದಷ್ಟೂ ದೇಹ ಅದಕ್ಕೆ ಒಗ್ಗಿ ಕೂಗುವುದನ್ನೇ ಬಿಡುತ್ತದೆ. ಹಳೆಯ ಕಾಯಿಲೆಯಿಂದ ನರಗಳೂ ಸೋತಿರಬಹುದು. ಮೂತ್ರಪಿಂಡ ಕುಂದಿದ್ದರೆ ಇನ್ಸುಲಿನ್ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತದೆ, ಅದನ್ನು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮದ್ಯದ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ನೀವು ಕಳಿಸಿದ ಚೀಟಿಯಲ್ಲಿ ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಮಾತ್ರೆ ಇದೆ. ಅದು ನಡುಕವನ್ನೂ ಎದೆಬಡಿತವನ್ನೂ ಅಡಗಿಸಬಲ್ಲದು, ಬೆವರನ್ನು ಮಾತ್ರ ಅಷ್ಟಾಗಿ ತಡೆಯದು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ.

ಸಮಾಧಾನದ ಸಂಗತಿಯೂ ಇದೆ. ಕೆಲವು ವಾರ ಶುಗರ್ ಒಮ್ಮೆಯೂ ಇಳಿಯದಂತೆ ನೋಡಿಕೊಂಡರೆ ಅನೇಕರಲ್ಲಿ ಆ ಮುನ್ಸೂಚನೆ ಮರಳುತ್ತದೆ. ಅದಕ್ಕೆ ಇನ್ಸುಲಿನ್ ಪ್ರಮಾಣ ಬದಲಾಗಬೇಕು. ಈ ವಾರವೇ ವೈದ್ಯರನ್ನು ಕಾಣಿರಿ. 5.9 ಏಳಾದರೆ ಯಜಮಾನರು ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ. ಸ್ಕೂಟರ್ ಹತ್ತುವ ಮುನ್ನ, ಮಲಗುವ ಮುನ್ನ ಮೀಟರ್ ನೋಡಲೇಬೇಕು. ವೈದ್ಯರನ್ನು ಕೇಳದೆ ಏಕಾದಶಿ ಉಪವಾಸ ಬೇಡ.

ಸದ್ಯಕ್ಕೆ ಬೆವರಿನ ಬದಲು ನಿಮಗಿರುವ ಗುರುತು ಅವರ ರೇಗಾಟವೇ. ಕಾರಣವಿಲ್ಲದೆ ಸಿಡುಕಿದರೆ ವಾದಕ್ಕಿಳಿಯದೆ ಬೆರಳು ಚುಚ್ಚಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್, ಹೋಳಿಗೆ ಬೇಡ. ಅವುಗಳ ಜಿಡ್ಡು ಸಕ್ಕರೆಯನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಹಾಲಿನ ಲೆಕ್ಕ ಅವರ ಬಳಿಯೇ ಇರಲಿ. ನಿಮಗೆ ಅದೂ ಒಂದು ಮೀಟರ್.