ಮಗ ಕ್ಯಾಲಿಫೋರ್ನಿಯಾದಿಂದ ಟೆಕ್ಸಸ್‌ಗೆ ಕಾರಿನಲ್ಲಿ ಹೊರಟಿದ್ದಾನೆ, ಅಮೆರಿಕದಲ್ಲಿ ಗಾಂಜಾಕ್ಕೆ ಅನುಮತಿ ಇದೆ ಎನ್ನುತ್ತಾನೆ. ನಾವು ಹೆದರಬೇಕೇ?

ನಿಮ್ಮ ಮಗ ಸುಳ್ಳು ಹೇಳಿಲ್ಲ, ಅರ್ಧ ಮಾತ್ರ ಹೇಳಿದ್ದಾನೆ. ಕ್ಯಾಲಿಫೋರ್ನಿಯಾದ ಮತದಾರರು 2016ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟರು. 21 ವರ್ಷ ತುಂಬಿದವರು ಗುರುತಿನ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬಹುದು, 28.5 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಆದರೆ ಈ ಅನುಮತಿ ಆ ರಾಜ್ಯದ್ದು ಮಾತ್ರ. ಒಕ್ಕೂಟ ಸರ್ಕಾರದ 1970ರ ಮಾದಕವಸ್ತು ಕಾಯ್ದೆಯಲ್ಲಿ ಅದೇ ಗಾಂಜಾ ಅಪರಾಧ. ನಮ್ಮಲ್ಲಿ ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ ಈ ಇಬ್ಬಂದಿ ನಮಗೆ ಚಟ್ಟನೆ ಅರ್ಥವಾಗುವುದಿಲ್ಲ. ಯೊಸೆಮಿಟಿ ಉದ್ಯಾನವನ್ನೇ ನೋಡಿ: ಇರುವುದು ಕ್ಯಾಲಿಫೋರ್ನಿಯಾದೊಳಗೆ, ಆದರೆ ಅದು ಒಕ್ಕೂಟದ ನೆಲ. ಅಲ್ಲಿ ಜೇಬಿನಲ್ಲಿ ಗಾಂಜಾ ಸಿಕ್ಕರೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆ, ಕನಿಷ್ಠ 1,000 ಡಾಲರ್ ದಂಡ ಬೀಳಬಹುದು.

ನಾನೂ ಸ್ಯಾನ್ ಹೊಸೆಯಿಂದ ಆಸ್ಟಿನ್‌ಗೆ ಕಾರಿನಲ್ಲೇ ಸಂಸಾರ ಸಾಗಿಸಿದವನು. ಅರಿಜೋನಾ ದಾಟಿ ನ್ಯೂ ಮೆಕ್ಸಿಕೋದ ಲಾರ್ಡ್ಸ್‌ಬರ್ಗ್ ಬಳಿ ಪೆಟ್ರೋಲ್ ಹಾಕಿಸಲು ನಿಂತಾಗ, ಕೈ ಒರೆಸುವ ಕಾಗದಕ್ಕೆಂದು ಬಾಗಿಲಿನ ಖಾನೆಗೆ ಕೈ ಹಾಕಿದೆ. ಪುಟ್ಟ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಸಕ್ಕರೆ ಪುಡಿ ಉದುರಿಸಿದ ಜೆಲ್ಲಿ ಮಿಠಾಯಿಗಳು, ಮಕ್ಕಳು ಕಂಡರೆ ಬಿಡುವಂಥವಲ್ಲ. ಹಿಂದಿನ ವಾರ ಜೊತೆಯಲ್ಲಿ ಬಂದಿದ್ದ ಗೆಳೆಯ ಮರೆತುಹೋಗಿದ್ದ ಗಾಂಜಾ ಮಿಠಾಯಿ. ಒಂದೊಂದರಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಮತ್ತು ಬರಿಸುವ ಅಂಶ. ಡಬ್ಬಿಯಲ್ಲಿ ಹತ್ತು ಮಿಠಾಯಿ.

ನಾನು ನಿಂತಿದ್ದ ಜಾಗದವರೆಗೆ ಮೂರೂ ರಾಜ್ಯಗಳ ಕಾನೂನಿನಲ್ಲಿ ಅದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಮುಂದಿನದು ಟೆಕ್ಸಸ್. ಅಲ್ಲಿ ಒಣಗಿದ ಗಾಂಜಾ ಎರಡು ಔನ್ಸ್‌ಗಳವರೆಗೆ, ಅಂದರೆ ಸುಮಾರು 56 ಗ್ರಾಂವರೆಗೆ ಸಿಕ್ಕರೆ 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಇದೇ ಹೆಚ್ಚಾಯಿತು ಎನ್ನುವವರು ಮಿಠಾಯಿಯ ಲೆಕ್ಕ ಕೇಳಬೇಕು. ಗಾಂಜಾದಿಂದ ತೆಗೆದ ಸತ್ವವನ್ನು ಟೆಕ್ಸಸ್ ಬೇರೆಯೇ ಪಟ್ಟಿಯಲ್ಲಿಟ್ಟಿದೆ. ತೂಗುವುದೂ ಸತ್ವವನ್ನಷ್ಟೇ ಅಲ್ಲ. ಅದು ಬೆರೆತ ಸಕ್ಕರೆ, ಜೆಲಾಟಿನ್ ಎಲ್ಲವೂ ತಕ್ಕಡಿಗೆ ಬೀಳುತ್ತವೆ. ಡಬ್ಬಿಯಲ್ಲಿದ್ದ ಟಿಎಚ್‌ಸಿ ಒಂದು ಗ್ರಾಂನ ಹತ್ತನೇ ಒಂದು ಭಾಗ. ಆದರೆ ಮಿಠಾಯಿಗಳ ಒಟ್ಟು ತೂಕ ನಾಲ್ಕು ಗ್ರಾಂ ದಾಟಿದರೆ ಕಾನೂನಿನಲ್ಲಿ 2ರಿಂದ 20 ವರ್ಷ ಶಿಕ್ಷೆ. ಎಲ್ಲರಿಗೂ ಅಷ್ಟು ಆಗುತ್ತದೆ ಎಂದಲ್ಲ, ಆದರೆ ವಕೀಲರು ಚೌಕಾಸಿ ಶುರು ಮಾಡಬೇಕಾದದ್ದು ಆ ಅಂಕಿಯಿಂದ.

ಡಬ್ಬಿಯನ್ನು ಅಲ್ಲೇ ಕಸದ ತೊಟ್ಟಿಗೆ ಹಾಕಿದೆ. ಎಲ್ ಪಾಸೊ ದಾಟಿದ ಮೇಲೆ ಸಿಯೆರಾ ಬ್ಲಾಂಕಾದಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆ ಬಂತು. ಹೆದ್ದಾರಿಯ ವಾಹನಗಳೆಲ್ಲ ಅದರೊಳಗೇ ಹಾದು ಹೋಗಬೇಕು. ಒಂದು ನಾಯಿ ನನ್ನ ಕಾರನ್ನು ಮೂಸುತ್ತಾ ಸುತ್ತು ಹಾಕಿತು. ಆ ಅರ್ಧ ನಿಮಿಷದಲ್ಲಿ ನನಗೆ ನೆನಪಾಗದ ದೇವರಿಲ್ಲ.

ಇದಕ್ಕಿಂತ ದೊಡ್ಡ ತಲೆನೋವು ವೀಸಾದ್ದು. ವಲಸೆ ಕಾನೂನು ನೋಡುವುದು ಒಕ್ಕೂಟದ ಕಾಯ್ದೆಯನ್ನು, ಕ್ಯಾಲಿಫೋರ್ನಿಯಾದ್ದನ್ನಲ್ಲ. ಸ್ವಂತ ಬಳಕೆಗೆ 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಇಟ್ಟುಕೊಂಡು ಒಂದೇ ಒಂದು ಸಲ ಶಿಕ್ಷೆಯಾಗಿದ್ದರೆ ಗಡೀಪಾರಿನಿಂದ ವಿನಾಯಿತಿ ಇದೆ. ಆದರೆ ದೇಶದೊಳಗೆ ಮತ್ತೆ ಪ್ರವೇಶ ಕೇಳುವಾಗ ಆ ವಿನಾಯಿತಿ ಕಾಪಾಡುವುದಿಲ್ಲ. ಶಿಕ್ಷೆಯೇ ಆಗದಿದ್ದರೂ, ಅಧಿಕಾರಿಯ ಮುಂದೆ ವಿಧಿವತ್ತಾಗಿ ತಪ್ಪೊಪ್ಪಿಕೊಂಡರೆ ಸಾಕು, ಬಾಗಿಲು ಮುಚ್ಚಬಹುದು. ಸುಳ್ಳು ಹೇಳಿದರೆ ಅದು ಇನ್ನೊಂದು ಅಪರಾಧ. 2022ರಲ್ಲಿ ಅಧ್ಯಕ್ಷ ಬೈಡನ್ ಗಾಂಜಾ ಇಟ್ಟುಕೊಂಡವರಿಗೆ ಕ್ಷಮಾದಾನ ಘೋಷಿಸಿದಾಗಲೂ ಅದು ಸಿಕ್ಕಿದ್ದು ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ವಿದ್ಯಾರ್ಥಿ ವೀಸಾದವರಿಗಾಗಲಿ ಕೆಲಸದ ವೀಸಾ ಎಚ್-1ಬಿಯವರಿಗಾಗಲಿ ಅಲ್ಲ. ನಿಮ್ಮ ಮಗ ಈಗಾಗಲೇ ಸೇದಿದ್ದರೆ ಅಥವಾ ತಿಂದಿದ್ದರೆ, ಊರಿಗೆ ಟಿಕೆಟ್ ತೆಗೆಯುವ ಮೊದಲು ವಲಸೆ ವಕೀಲರೊಬ್ಬರ ಬಳಿ ಮಾತನಾಡಲಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟು ಗೆಳೆಯರಿಗೆ ಕಳಿಸುವ ಚಟವಂತೂ ಬೇಡವೇ ಬೇಡ.

ಹೊರಡುವ ಹಿಂದಿನ ರಾತ್ರಿ ಅವನಿಗೆ ಒಂದು ಫೋನ್ ಮಾಡಿ. ಬಾಗಿಲಿನ ಖಾನೆ, ಸೀಟಿನ ಸಂದು, ಸ್ನೇಹಿತರು ಕಟ್ಟಿಕೊಟ್ಟ ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ನೋಡಲಿ. ‘ನಾನು ಮುಟ್ಟುವುದಿಲ್ಲಪ್ಪ’ ಎಂದರೂ ನೋಡಲಿ. ನಾನೂ ಮುಟ್ಟಿದವನಲ್ಲ.